ಹೆಡ್‌ಲೈಟ್ ಬಿಚ್ಚುವ ಮೊದಲು ಗೋಡೆಗೊಂದು ಗೆರೆ ಎಳೆಯಿರಿ

ಮಾನ್ಯ ಸಂಪಾದಕರೇ,

ಎದುರು ಬರುವ ವಾಹನದ ಬೆಳಕಿಗೆ ಕಣ್ಣು ಕತ್ತಲಿಡುತ್ತದೆ ಎಂಬ ದೂರು ಓದುಗರ ಪತ್ರಗಳಲ್ಲಿ ಬರುತ್ತಲೇ ಇದೆ. 2024ರ ಜುಲೈನಲ್ಲಿ ರಾಜ್ಯದ ಪೊಲೀಸರು ಇಂಥ ದೀಪಗಳ ವಿರುದ್ಧ ಕಾರ್ಯಾಚರಣೆ ನಡೆಸಿ ಸಾವಿರಾರು ಪ್ರಕರಣ ದಾಖಲಿಸಿದ್ದೂ ಸುದ್ದಿಯಾಗಿತ್ತು. ಅತ್ತ ಮೊಬೈಲ್ ತೆರೆದರೆ ಮನೆಯಲ್ಲೇ ಹೆಡ್‌ಲೈಟ್ ಬಿಚ್ಚಿ ಪ್ರೊಜೆಕ್ಟರ್ (ಮಸೂರದ ಮೂಲಕ ಬೆಳಕು ಹಾಯಿಸುವ ದೀಪ) ಕೂರಿಸುವ ವಿಡಿಯೊಗಳ ಸುರಿಮಳೆ. ದಂಡ ಹಾಕುವವರೂ ವಿಡಿಯೊ ಮಾಡುವವರೂ ಒಂದು ಮಾತನ್ನು ಹೇಳದೆ ಬಿಡುತ್ತಾರೆ. ಹೆಡ್‌ಲೈಟ್ ಬಿಚ್ಚುವುದು ಸುಲಭ. ನೀರು ಹೋಗದಂತೆ ಮತ್ತೆ ಮುಚ್ಚಿ, ಬೆಳಕು ಬೀಳಬೇಕಾದ ಕಡೆಯೇ ಬೀಳುವಂತೆ ಕೂರಿಸುವುದರಲ್ಲೇ ಇಡೀ ಕೆಲಸ ಇರುವುದು. ಅಲ್ಲದೆ, ಬೆಳಕು ಸಾಲದೆಂದು ಗ್ಯಾರೇಜಿನವರು ಡೂಮ್ ಎನ್ನುವ ಹೆಡ್‌ಲೈಟಿನ ಇಡೀ ಘಟಕವನ್ನು ಬಿಚ್ಚಲು ಹೊರಡುವ ಬಹುಪಾಲು ಮಂದಿಗೆ ಬಿಚ್ಚುವ ಅಗತ್ಯವೇ ಇರುವುದಿಲ್ಲ.

ಮೊದಲು ನೋಡಬೇಕಾದದ್ದು ಹೊರಗಿನ ಗ್ಲಾಸ್. ಅದು ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್. ಮೇಲೆ ಬಿಸಿಲು ತಡೆಯುವ ತೆಳು ಲೇಪ ಇರುತ್ತದೆ. ವರ್ಷಗಟ್ಟಲೆ ಬಯಲಲ್ಲಿ ನಿಂತ ಕಾರಿನಲ್ಲಿ ಆ ಲೇಪ ಸವೆದು, ಕೆಳಗಿನ ಪ್ಲಾಸ್ಟಿಕ್ ಹಳದಿಯಾಗಿ ಮಂಕಾಗುತ್ತದೆ. ಇದು ಹೊರಮೈಯ ರೋಗವಾದ್ದರಿಂದ ಡೂಮ್ ಕಾರಿನಲ್ಲಿದ್ದಂತೆಯೇ ಸರಿಪಡಿಸಬಹುದು. ಸುತ್ತಲಿನ ಪೇಂಟಿಗೆ ಮಾಸ್ಕಿಂಗ್ ಟೇಪ್ ಹಚ್ಚಿ, ನೀರು ಬಿಡುತ್ತ 800ರ ವಾಟರ್ ಪೇಪರಿನಿಂದ (ನೀರು ಹಾಕಿ ಉಜ್ಜುವ ಉಪ್ಪುಕಾಗದ; ಸಂಖ್ಯೆ ಹೆಚ್ಚಿದಷ್ಟೂ ನಯ) ಅಡ್ಡಡ್ಡ ಉಜ್ಜಿ. ಮೊದಮೊದಲು ಹಳದಿ ನೀರು ಇಳಿಯುತ್ತದೆ. ಅದು ಹಾಲಿನಂತೆ ಬೆಳ್ಳಗಾಗುವವರೆಗೂ ಬಿಡಬೇಡಿ. ಆಮೇಲೆ 1000, 1500, 2000, 3000. ಪ್ರತಿ ಪೇಪರಿಗೂ ಉಜ್ಜುವ ದಿಕ್ಕು ಬದಲಿಸಿದರೆ ಹಿಂದಿನ ಗೀರು ಉಳಿದಿದೆಯೇ ಎಂಬುದು ತಾನಾಗಿ ಕಾಣುತ್ತದೆ. ಈ ಹಂತದಲ್ಲಿ ಗ್ಲಾಸ್ ಪೂರ್ತಿ ಮಸುಕಾಗಿ ಎದೆ ಧಸಕ್ಕೆನ್ನುವುದು ಸಹಜ. ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ ಒಣಗಿಸಿ, ಹಾರ್ಡ್‌ನರ್ ಇರುವ ಟು-ಕೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪೇಂಟನ್ನು 10 ನಿಮಿಷದ ಅಂತರದಲ್ಲಿ ಎರಡು ತೆಳು ಪದರವಾಗಿ ಹೊಡೆದರೆ ಗ್ಲಾಸ್ ತಿಳಿಯಾಗುತ್ತದೆ. ಆ ಕ್ಲಿಯರ್‌ನಲ್ಲಿ ಐಸೊಸೈನೇಟ್ ಇರುತ್ತದೆ. ಶ್ವಾಸಕೋಶಕ್ಕೆ ಬಹಳ ಕೆಟ್ಟದ್ದು. ಬಟ್ಟೆಯ ಮಾಸ್ಕ್ ಅದನ್ನು ತಡೆಯುವುದಿಲ್ಲ. ಪೇಂಟರ್‌ಗಳು ಬಳಸುವ ಕಾರ್ಬನ್ ಫಿಲ್ಟರಿನ ಮಾಸ್ಕ್ ಹಾಕಿಕೊಂಡು ಬಯಲಲ್ಲೇ ಹೊಡೆಯಬೇಕು. ಅದು ಆಗದಿದ್ದರೆ ಉಜ್ಜಿದ ಗ್ಲಾಸನ್ನು ಪಾಲಿಶ್ ಮಾಡಿ ಪೇಂಟ್ ಪ್ರೊಟೆಕ್ಷನ್ ಫಿಲ್ಮ್ ಎಂಬ ಪಾರದರ್ಶಕ ಹಾಳೆ ಅಂಟಿಸಬಹುದು.

ಟೂತ್‌ಪೇಸ್ಟ್ ಹಚ್ಚಿ ತಿಕ್ಕುವ ಉಪಾಯ ಸುಳ್ಳೇನಲ್ಲ, ಹಳದಿ ಹೋಗುತ್ತದೆ. ಆದರೆ ಅಳಿದುಳಿದ ಲೇಪವೂ ಅದರೊಂದಿಗೆ ಹೋಗುವುದರಿಂದ ಕೆಲವೇ ತಿಂಗಳಲ್ಲಿ ಮೊದಲಿಗಿಂತ ಬೇಗ ಮಂಕು ಕವಿಯುತ್ತದೆ. ಸೊಳ್ಳೆ ಓಡಿಸುವ ಸ್ಪ್ರೇ ಹೊಡೆದು ಒರೆಸುವ ವಿಡಿಯೊ ಇನ್ನೂ ಅಪಾಯದ್ದು. ಅದರಲ್ಲಿ ಡೀಟ್ ಎಂಬ ರಾಸಾಯನಿಕ ಇದ್ದರೆ ಪ್ಲಾಸ್ಟಿಕ್ಕಿನ ಮೇಲ್ಪದರವನ್ನೇ ಕರಗಿಸುತ್ತದೆ. ಹೊಳಪು ಬಂತೆಂದು ಕಾಣುವುದು ಕರಗಿದ ಪ್ಲಾಸ್ಟಿಕ್ಕು. ಪೆಟ್ರೋಲ್, ಥಿನ್ನರ್, ಅಸಿಟೋನ್ ಕೂಡ ಇದೇ ಸಾಲಿನವು. ಅವು ತಗಲಿದ ಪಾಲಿಕಾರ್ಬೊನೇಟ್ ದಿನ ಕಳೆದಂತೆ ಒಳಗಿಂದ ಕೂದಲೆಳೆಯ ಬಿರುಕು ಬಿಡುತ್ತದೆ.

ಗ್ಲಾಸ್ ತಿಳಿಯಾಗಿದ್ದೂ ಬೆಳಕು ಸಾಲದಿದ್ದರೆ ಮಲ್ಟಿಮೀಟರ್ ತೆಗೆದುಕೊಳ್ಳಿ. ಎಂಜಿನ್ ಚಾಲೂ ಇಟ್ಟು, ಲೈಟ್ ಹಾಕಿ, ಬ್ಯಾಟರಿಯ ಟರ್ಮಿನಲ್‌ಗಳಲ್ಲಿ ವೋಲ್ಟೇಜ್ ನೋಡಿ. ಆಮೇಲೆ ಬಲ್ಬಿನ ಹಿಂದೆ ಸಿಕ್ಕಿಸುವ ಪ್ಲಗ್, ಅಂದರೆ ಕಪ್ಲರ್‌ನಲ್ಲಿ ನೋಡಿ. ಹ್ಯಾಲೊಜೆನ್ ಬಲ್ಬಿನ ಬೆಳಕು ವೋಲ್ಟೇಜ್ ಇಳಿದಷ್ಟೇ ಇಳಿಯುವುದಿಲ್ಲ, ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಇಳಿಯುತ್ತದೆ. 13.2 ವೋಲ್ಟ್ ಸಿಗಬೇಕಾದ ಬಲ್ಬಿಗೆ 12 ಸಿಕ್ಕರೆ ಬೆಳಕಿನ ಕಾಲು ಭಾಗಕ್ಕೂ ಹೆಚ್ಚು ಹೋಯಿತೆಂದೇ ಲೆಕ್ಕ. ಹಳೆಯ ಕಾರುಗಳಲ್ಲಿ ಇದು ಸರ್ವೇಸಾಮಾನ್ಯ: ಸ್ಟೀರಿಂಗ್ ಕೆಳಗಿನ ಸ್ವಿಚ್ಚಿನ ಮೂಲಕವೇ ಪೂರ್ತಿ ಕರೆಂಟ್ ಹರಿಯುತ್ತದೆ, ಅರ್ಥಿಂಗ್ ತುಕ್ಕು ಹಿಡಿದಿರುತ್ತದೆ. ಬ್ಯಾಟರಿಗೂ ಬಲ್ಬಿಗೂ ಅರ್ಧ ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಮೊದಲು ಅರ್ಥ್ ಪಾಯಿಂಟ್ ಕೆರೆದು ಬಿಗಿಮಾಡಿ. ಸಾಲದಿದ್ದರೆ 30 ಆಂಪಿಯರ್ ರಿಲೇ, 2.5 ಚದರ ಮಿ.ಮೀ. ವೈರು, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇರುವ, ಬ್ಯಾಟರಿಯಿಂದ ಬಲ್ಬಿಗೆ ನೇರ ಕರೆಂಟ್ ಕೊಡುವ ರಿಲೇ ಕಿಟ್ ಹಾಕಿಸಿ. ಕಂಪನಿ ಕೊಟ್ಟ 60/55 ವ್ಯಾಟ್ (ಹೈ/ಡಿಪ್) ಬಲ್ಬೇ ಹೊಸದಾಗಿ ಕಾಣುತ್ತದೆ.

ಇದರ ಬದಲು 100/90 ವ್ಯಾಟ್ ಬಲ್ಬ್ ಹಾಕುವವರಿದ್ದಾರೆ. 60 ವ್ಯಾಟಿಗೆ ಎಳೆದ ವೈರಿನಲ್ಲಿ 100 ವ್ಯಾಟ್ ಹರಿದರೆ ವೈರು ಕಾಯುವುದು ಸುಮಾರು 2.8 ಪಟ್ಟು. ಕಪ್ಲರ್ ಕಂದಾಗಿ, ಮೆತ್ತಗಾಗಿ, ಕೊನೆಗೆ ಬಲ್ಬಿಗೇ ಅಂಟಿಕೊಳ್ಳುತ್ತದೆ. ಒಳಗಿನ ರಿಫ್ಲೆಕ್ಟರ್‌ನ ಬೆಳ್ಳಿ ಹೊಳಪು ಸುಟ್ಟು ಬೂದಿಬಣ್ಣಕ್ಕೆ ತಿರುಗುತ್ತದೆ. ಆ ಹೊಳಪು ನಿರ್ವಾತದಲ್ಲಿ ಹಾಯಿಸಿದ ಅಲ್ಯುಮಿನಿಯಂನದು. ಅಂಗಡಿಯ ‘ಕ್ರೋಮ್’ ಸ್ಪ್ರೇ ಹೊಡೆದರೆ ಬೆಳಕು ಗುರಿಯಿಲ್ಲದೆ ಚೆಲ್ಲುತ್ತದೆಯೇ ಹೊರತು ರಸ್ತೆಗೆ ಬೀಳುವುದಿಲ್ಲ.

ಈಗ ಎಲ್‌ಇಡಿ ಬಲ್ಬಿನ ಮಾತು. ಕಣ್ಣು ಕುಕ್ಕುವ ಬೆಳಕಿನ ಮೂಲ ಬಹುತೇಕ ಇಲ್ಲೇ ಇದೆ. ಹೈ, ಡಿಪ್ ಎರಡೂ ಇರುವ ಎಚ್4 ಹ್ಯಾಲೊಜೆನ್ ಬಲ್ಬನ್ನು ಕೈಯಲ್ಲಿ ಹಿಡಿದು ನೋಡಿ. ಡಿಪ್ ಫಿಲಮೆಂಟಿನ ಅಡಿಯಲ್ಲಿ ಪುಟ್ಟದೊಂದು ಲೋಹದ ತೊಟ್ಟಿಲು ಕಾಣುತ್ತದೆ. ಕೆಳಗಡೆ ಹೋಗುವ ಬೆಳಕನ್ನು ತಡೆದು, ರಿಫ್ಲೆಕ್ಟರ್‌ನ ಮೇಲರ್ಧಕ್ಕೆ ಮಾತ್ರ ಬೆಳಕು ತಾಗುವಂತೆ ಮಾಡುವುದು ಅದರ ಕೆಲಸ. ಆ ಬೆಳಕೇ ರಸ್ತೆಯ ಕಡೆಗೆ ಇಳಿಯುವುದು. ಫಿಲಮೆಂಟ್ ಇರುವ ಜಾಗ ಮಿಲಿಮೀಟರಿನ ಭಾಗದಷ್ಟು ಆಚೀಚೆಯಾದರೂ ಬೆಳಕಿನ ಆಕಾರ ಕೆಡುತ್ತದೆ. ಎಲ್‌ಇಡಿ ಬಲ್ಬಿನಲ್ಲಿ ಸುತ್ತಲೂ ಬೆಳಗುವ ತಂತಿ ಇಲ್ಲ, ಪಟ್ಟಿಯ ಎರಡು ಬದಿಗೆ ಕೂತ ಚಪ್ಪಟೆ ಚಿಪ್‌ಗಳಿವೆ. ಪಟ್ಟಿಯ ದಪ್ಪದಿಂದಾಗಿ ಅವು ಅಕ್ಷದಿಂದ ಸ್ವಲ್ಪ ಸರಿದೇ ಇರುತ್ತವೆ. ಚಿಪ್‌ಗಳು ಎಡಕ್ಕೂ ಬಲಕ್ಕೂ ಮುಖಮಾಡುವ ಹಾಗೆ ಬಲ್ಬನ್ನು ತಿರುಗಿಸಿ ಕೂರಿಸಿದರೆ ಹಾನಿ ಕಡಿಮೆ, ಅಷ್ಟೆ. ಬಂಪರಿನ ಮುಂದೆ ಹತ್ತು ಮೀಟರ್ ಹಾಲು ಚೆಲ್ಲಿದಂಥ ಬೆಳಕು, 60 ಮೀಟರ್ ಆಚೆ ಕತ್ತಲು. ಹತ್ತಿರದ ಬೆಳಕಿಗೆ ಕಣ್ಣಿನ ಪಾಪೆ ಕಿರಿದಾಗುವುದರಿಂದ ದೂರದ್ದು ಇನ್ನಷ್ಟು ಕಾಣದಾಗುತ್ತದೆ. ಓಡಿಸುವವನಿಗೆ ಮಾತ್ರ ಬೆಳಕು ಜಾಸ್ತಿಯಾಯಿತೆಂಬ ಭ್ರಮೆ. 6,000 ಕೆಲ್ವಿನ್‌ಗಿಂತ (ಬೆಳಕಿನ ಬಣ್ಣದ ಅಳತೆ) ಮೇಲಿನ ನೀಲಿ ಛಾಯೆಯ ಬಿಳುಪಾದರೆ ಎದುರಿನವರ ಕಣ್ಣಿಗೆ ಹಿಂಸೆ ಇನ್ನೂ ಹೆಚ್ಚು.

ಜರ್ಮನಿಯಲ್ಲಿ 2020ರಿಂದ ಕೆಲವು ಎಲ್‌ಇಡಿ ಬದಲಿ ಬಲ್ಬುಗಳಿಗೆ ಅನುಮತಿ ಸಿಕ್ಕಿದೆ. ಆದರೆ ಅದು ಬಲ್ಬಿಗೆ ಸಿಕ್ಕ ಸಾರಾಸಗಟು ಪರವಾನಗಿ ಅಲ್ಲ. ಯಾವ ಮಾದರಿಯ ಕಾರಿನ ಯಾವ ಹೆಡ್‌ಲೈಟಿಗೆ ಯಾವ ಬಲ್ಬು ಹೊಂದುತ್ತದೆ ಎಂದು ಪರೀಕ್ಷಿಸಿ ಪಟ್ಟಿ ಮಾಡಿದ್ದಾರೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬಲ್ಬು ಕೊಳ್ಳುವಾಗ ಪೆಟ್ಟಿಗೆಯ ಮೇಲಿನ ಲ್ಯೂಮೆನ್ (ಬೆಳಕಿನ ಪ್ರಮಾಣ) ಸಂಖ್ಯೆ ನೋಡಿ ಮರುಳಾಗುವವರು ಈ ವ್ಯತ್ಯಾಸವನ್ನು ಗಮನಿಸಬೇಕು.

ಇಷ್ಟಾದರೂ ಬಿಚ್ಚಲೇಬೇಕಾದ ಸಂದರ್ಭಗಳಿವೆ. ಒಳಗೆ ನೀರು ನಿಂತಿದ್ದರೆ, ಗ್ಲಾಸಿನ ಒಳಮೈಗೆ ಮಂಜಿನಂಥ ಪದರ ಕಟ್ಟಿದ್ದರೆ, ಒಳಗಿನ ಲಾಕ್ ಮುರಿದಿದ್ದರೆ, ಅಥವಾ ಕ್ರೋಮ್ ಅಂಚನ್ನು ಕಪ್ಪು ಮಾಡುವ ಆಸೆಯಿದ್ದರೆ. ಆಗಲೂ ಸ್ಪಾನರ್ ಮುಟ್ಟುವ ಮೊದಲು ಮಾಡಬೇಕಾದ ಕೆಲಸ ಒಂದಿದೆ. ಸಮತಟ್ಟಾದ ಜಾಗದಲ್ಲಿ, ಗೋಡೆಯಿಂದ ಹೆಡ್‌ಲೈಟಿಗೆ 5 ಮೀಟರ್ ಇರುವಂತೆ ಕಾರು ನಿಲ್ಲಿಸಿ, ಡಿಪ್ ಹಾಕಿ, ಗೋಡೆಯ ಮೇಲೆ ಬೆಳಕು ಮುಗಿಯುವ ಗೆರೆಗೆ ಮಾಸ್ಕಿಂಗ್ ಟೇಪ್ ಅಂಟಿಸಿ. ಗೆರೆ ಎಲ್ಲಿ ಮೇಲಕ್ಕೆ ಓರೆಯಾಗುತ್ತದೆಯೋ ಆ ಮೂಲೆಯನ್ನೂ ಗುರುತು ಮಾಡಿ. ಟೈರು ನಿಂತ ಜಾಗಕ್ಕೂ ಸೀಮೆಸುಣ್ಣದ ಗುರುತು ಬೇಕು. ಎರಡು ರೂಪಾಯಿಯ ಈ ಟೇಪನ್ನು ಯಾವ ವಿಡಿಯೊದಲ್ಲೂ ತೋರಿಸುವುದಿಲ್ಲ.

ಮುಂದಿನದು, ಡೂಮ್ ಯಾವ ಅಂಟಿನದೆಂದು ತಿಳಿಯುವುದು. ಗ್ಲಾಸ್ ಮತ್ತು ಹಿಂಬದಿ ಸೇರುವ ಕಾಲುವೆಯಲ್ಲಿ ಅಂಟು ಕಪ್ಪಗಿದ್ದು, ಉಗುರಿಗೆ ಜಿಗುಟಾಗಿ ಎಳೆಎಳೆಯಾಗಿ ಬಂದರೆ ಅದು ಬ್ಯೂಟೈಲ್, ಶಾಖಕ್ಕೆ ಮೆತ್ತಗಾಗುತ್ತದೆ. ಬೂದು ಅಥವಾ ಬಿಳಿ ಬಣ್ಣದ, ಗಟ್ಟಿ ರಬ್ಬರಿನಂಥ ಅಂಟಾದರೆ ಎಷ್ಟು ಬಿಸಿ ಮಾಡಿದರೂ ಬಿಡದು, ಕೊಯ್ದೇ ತೆಗೆಯಬೇಕು. ಕಾಲುವೆಯೇ ಇಲ್ಲದೆ ಎರಡೂ ಭಾಗ ಬೆಸೆದಂತಿದ್ದರೆ ಅದು ವೆಲ್ಡ್ ಮಾಡಿದ್ದು. ಕೊನೆಯ ಎರಡು ಬಗೆಯವನ್ನು ಮನೆಯಲ್ಲಿ ಮುಟ್ಟದಿರುವುದೇ ಲೇಸು. ಈಚಿನ ಎಲ್‌ಇಡಿ ಹೆಡ್‌ಲೈಟುಗಳಲ್ಲಿ ಇಂಥವೇ ಹೆಚ್ಚು.

ಬ್ಯೂಟೈಲ್ ಆದರೆ ಬ್ಯಾಟರಿಯ ನೆಗೆಟಿವ್ ಕಳಚಿ, ಡೂಮ್ ಹೊರತೆಗೆಯಿರಿ. ಹಲವು ಕಾರುಗಳಲ್ಲಿ ಬಂಪರ್ ಸಡಿಲಿಸದೆ ಅದು ಬರುವುದಿಲ್ಲ. ಎಳೆದಾಡಿದರೆ ಮುರಿಯುವುದು ಡೂಮಿನ ಕಿವಿ, ಅಂದರೆ ಅದನ್ನು ಕಾರಿಗೆ ಬಿಗಿಯುವ ಕೊಂಡಿ. ಬಲ್ಬು, ರಬ್ಬರ್ ಕ್ಯಾಪ್, ಬೆಳಕನ್ನು ಮೇಲೆ-ಕೆಳಗೆ ಮಾಡುವ ಲೆವೆಲಿಂಗ್ ಮೋಟರ್, ಅಂಚಿನ ಸ್ಕ್ರೂ, ಲೋಹದ ಕ್ಲಿಪ್ ಎಲ್ಲವನ್ನೂ ತೆಗೆಯಬೇಕು. ಕ್ಲಿಪ್ ಉಳಿದರೆ ಅದು ಕಾದು ಪ್ಲಾಸ್ಟಿಕ್ಕಿನಲ್ಲಿ ಇಳಿಯುತ್ತದೆ. ಶಾಖ 100 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ ಸಾಕು. ಪಾಲಿಕಾರ್ಬೊನೇಟ್ 145ರ ಆಸುಪಾಸಿನವರೆಗೆ ತಡೆಯುತ್ತದಾದರೂ ಹಿಂಬದಿಯ ಪಾಲಿಪ್ರೊಪಿಲೀನ್ ಅದಕ್ಕೂ ಮೊದಲೇ ಸೊಟ್ಟಗಾಗುತ್ತದೆ. ಡೂಮ್ ಹಿಡಿಸುವಷ್ಟು ದೊಡ್ಡ ಒಟಿಜಿ ಓವನ್ ಇದ್ದರೆ ಮೊದಲೇ ಕಾಯಿಸಿ, ಒದ್ದೆ ಬಟ್ಟೆ ಸುತ್ತಿದ ಮರದ ಹಲಗೆಯ ಮೇಲಿಟ್ಟು 8ರಿಂದ 10 ನಿಮಿಷ ಬಿಡಿ. ಕೆಂಪಗೆ ಕಾಯುವ ರಾಡಿಗೆ ಗ್ಲಾಸ್ ಎದುರಾಗಬಾರದು. ಆ ಓವನ್ ಮತ್ತೆ ಅಡುಗೆಗೆ ಬೇಡ. ಮೈಕ್ರೊವೇವ್ ಅಂತೂ ಯೋಚಿಸಲೂಬಾರದು, ಒಳಗಿರುವುದು ಲೋಹದ ಲೇಪ.

ನಮ್ಮ ಮನೆಗಳ ಓವನ್ನಿನಲ್ಲಿ ಈಗಿನ ಉದ್ದುದ್ದ ಡೂಮುಗಳು ಹಿಡಿಸುವುದು ಅಪರೂಪ. ದಪ್ಪ ರಟ್ಟಿನ ಪೆಟ್ಟಿಗೆಯೊಳಗೆ ಡೂಮ್ ಇಟ್ಟು, ತೂತಿನಿಂದ ಹೀಟ್ ಗನ್ನಿನ ಬಿಸಿಗಾಳಿ ಬಿಟ್ಟು, ಅಡುಗೆಯ ಥರ್ಮಾಮೀಟರ್ ಸಿಕ್ಕಿಸಿ ನೋಡಿಕೊಳ್ಳುವುದು ಎಲ್ಲರ ಕೈಗೆಟಕುವ ದಾರಿ. ರಟ್ಟಿಗೆ ಬೆಂಕಿ ಹತ್ತೀತು, ಪಕ್ಕದಿಂದ ಕದಲಬೇಡಿ. ನೇರವಾಗಿ ಅಂಚಿಗೆ ಹೀಟ್ ಗನ್ ಹಿಡಿಯುವುದಾದರೆ 15 ಸೆಂ.ಮೀ. ದೂರ, ಕೈ ಎಲ್ಲೂ ನಿಲ್ಲಬಾರದು. ಮಳೆಗಾಲದಲ್ಲಿ ಪಾಲಿಕಾರ್ಬೊನೇಟ್ ತೇವ ಹೀರಿಕೊಂಡಿರುತ್ತದೆ. ಒಮ್ಮೆಲೇ ಕಾದರೆ ಆ ತೇವವೇ ಗ್ಲಾಸಿನೊಳಗೆ ಗುಳ್ಳೆಯಾಗಿ ಉಬ್ಬುತ್ತದೆ, ಅದಕ್ಕೆ ಮದ್ದಿಲ್ಲ. ಕಾದ ಮೇಲೆ ಕೈಗವಸು ತೊಟ್ಟು, ಒಂದು ಮೂಲೆಯಿಂದ ಪ್ಲಾಸ್ಟಿಕ್ ಪಟ್ಟಿ ತೂರಿಸಿ ನಿಧಾನಕ್ಕೆ ಎಬ್ಬಿಸಿ. ಬಿಗಿಯೆನಿಸಿದರೆ ಬಲ ಹಾಕದೆ ಮತ್ತೆ ಮೂರ್ನಾಲ್ಕು ನಿಮಿಷ ಕಾಯಿಸಿ. ಚೂಯಿಂಗ್ ಗಮ್ಮಿನ ಹಾಗೆ ಬರುವ ಎಳೆಗಳನ್ನು ಅಲ್ಲಲ್ಲೇ ಕತ್ತರಿಸಬೇಕು. ಒಂದು ಎಳೆ ರಿಫ್ಲೆಕ್ಟರ್ ಮೇಲೆ ಬಿದ್ದರೂ ಅದನ್ನು ಒರೆಸಿ ತೆಗೆಯಲು ಆಗುವುದಿಲ್ಲ.

ಒರೆಸುವ ಮಾತು ಬಂದದ್ದರಿಂದ ಹೇಳುವುದು: ರಿಫ್ಲೆಕ್ಟರ್ ಬಟ್ಟಲನ್ನು ಯಾವುದರಿಂದಲೂ, ಮೆತ್ತನೆಯ ಮೈಕ್ರೊಫೈಬರ್‌ನಿಂದಲೂ, ಮುಟ್ಟಬಾರದು. ಧೂಳಿದ್ದರೆ ಕ್ಯಾಮೆರಾದವರ ರಬ್ಬರ್ ಬ್ಲೋಯರ್‌ನಿಂದ ಊದಿ, ಸಾಕು. ಗ್ಲಾಸಿನ ಒಳಮೈಯನ್ನು ಡಿಸ್ಟಿಲ್ಡ್ ನೀರಿಗೆ ಒಂದು ಹನಿ ಪಾತ್ರೆ ಸೋಪು ಬೆರೆಸಿ ತೊಳೆದು, ಪೂರ್ತಿ ಒಣಗಿಸಬಹುದು. ಕ್ರೋಮ್ ಅಂಚನ್ನು ಕಪ್ಪು ಮಾಡುವವರು ಅದನ್ನು ಹೊರತೆಗೆದು, 800ರ ಪೇಪರಿನಿಂದ ಮಂಕು ಮಾಡಿ, ಪ್ಲಾಸ್ಟಿಕ್ ಪ್ರೈಮರ್ ಮೇಲೆ ಶಾಖ ತಡೆಯುವ ಮ್ಯಾಟ್ ಕಪ್ಪು ಹೊಡೆಯಬೇಕು. ಆಮೇಲೆ ಎರಡು ದಿನವಾದರೂ ಬಿಸಿಲಲ್ಲಿ ಒಣಗಲಿ. ಹಸಿ ಪೇಂಟಿನೊಂದಿಗೆ ಮುಚ್ಚಿದರೆ ಲೈಟಿನ ಶಾಖಕ್ಕೆ ಅದರ ಆವಿ ಎದ್ದು ಗ್ಲಾಸಿನ ಒಳಗೆ ಕೂರುತ್ತದೆ; ಅಲ್ಲಿಗೆ ಮತ್ತೆ ಬಿಚ್ಚುವ ಕೆಲಸ. ಅಂಚಿಗೆ ಬಣ್ಣ ಬಳಿದರೆ ಬೆಳಕಿನ ಆಕಾರ ಬದಲಾಗದು. ಗ್ಲಾಸಿಗೇ ಕಪ್ಪು ಫಿಲ್ಮ್ ಅಂಟಿಸುವುದು ಬೇರೆ ವಿಷಯ, ಅದು ಬೆಳಕನ್ನೇ ಕೊಲ್ಲುತ್ತದೆ. ಪ್ರೊಜೆಕ್ಟರಿನೊಳಗೆ ಕೆಂಪು ಉರಿಯುವ ‘ಡೆಮನ್ ಐ’ ಹುಚ್ಚು ಕೂಡ ಬೇಡ. ಮುಂಭಾಗದಲ್ಲಿ ಕೆಂಪು ಬೆಳಕು ತೋರಿಸುವುದು ನಿಯಮದಲ್ಲೇ ನಿಷಿದ್ಧ.

ಮುಚ್ಚುವಾಗ ಅತಿ ಹೆಚ್ಚು ಕೆಡುವುದು ಅಂಟಿನ ಆಯ್ಕೆಯಿಂದ. ಹಾರ್ಡ್‌ವೇರ್ ಅಂಗಡಿಯ ಸಿಲಿಕೋನ್ ಟ್ಯೂಬ್ ಅಗ್ಗ, ಸುಲಭ. ಆದರೆ ವಿನೆಗರ್ ವಾಸನೆಯ ಸಿಲಿಕೋನ್ ಒಣಗುವಾಗ ಅಸಿಟಿಕ್ ಆಮ್ಲದ ಆವಿ ಬಿಡುತ್ತದೆ. ಮುಚ್ಚಿದ ಡೂಮಿನೊಳಗೆ ಅದು ಹೋಗುವುದಾದರೂ ಎಲ್ಲಿಗೆ? ರಿಫ್ಲೆಕ್ಟರ್‌ನ ಅಲ್ಯುಮಿನಿಯಂ ತಿನ್ನುತ್ತದೆ. ಪಾಲಿಪ್ರೊಪಿಲೀನಿಗೆ ಸಿಲಿಕೋನ್ ಗಟ್ಟಿಯಾಗಿ ಹಿಡಿಯುವುದೂ ಇಲ್ಲ. ಅದರ ಚೂರು ಉಳಿದ ಕಡೆ ಮುಂದೆ ಬ್ಯೂಟೈಲ್ ಕೂಡ ಹಿಡಿಯದು. ಬೇಕಾದದ್ದು ಹೆಡ್‌ಲೈಟಿಗೆಂದೇ ಬರುವ, 8ರಿಂದ 10 ಮಿ.ಮೀ. ದಪ್ಪದ ಬ್ಯೂಟೈಲ್ ಹುರಿ. ಎರಡು ಡೂಮಿಗೆ ನಾಲ್ಕೂವರೆ ಮೀಟರ್ ಸುರುಳಿ ಸಾಮಾನ್ಯವಾಗಿ ಸಾಕಾಗುತ್ತದೆ. ಮೊದಲು ದಾರದಿಂದ ಕಾಲುವೆಯ ಉದ್ದ ಅಳೆದುಕೊಳ್ಳಿ. ಹಳೆಯ ಅಂಟನ್ನು ಬಿಸಿಯಿರುವಾಗಲೇ ಕೆರೆದು, ಹುರಿಯನ್ನು ಎಳೆದು ತೆಳುವಾಗಿಸದೆ ಕಾಲುವೆಯಲ್ಲಿ ಕೂರಿಸಿ, ತುದಿಗಳನ್ನು 2 ಸೆಂ.ಮೀ. ಒಂದರ ಮೇಲೊಂದು ಹಾಯಿಸಿ ಒತ್ತಿ. ಮತ್ತೆ 8 ನಿಮಿಷ ಕಾಯಿಸಿ, ಗ್ಲಾಸ್ ಒತ್ತಿ ಸುತ್ತ ಕ್ಲ್ಯಾಂಪ್ ಹಾಕಿ. ಇನ್ನೊಮ್ಮೆ ಕಾಯಿಸಿ ಮತ್ತೆ ಒತ್ತಿ, ಸ್ಕ್ರೂ ಹಾಕಿ. ಒಂದೇ ಸಲಕ್ಕೆ ಮುಗಿಸಿದ ಡೂಮೇ ಆಗುಂಬೆಯ ಮಳೆಯಲ್ಲಿ ಅಕ್ವೇರಿಯಂ ಆಗುವುದು.

ಸೋರಿಕೆಯನ್ನು ಕಾರಿಗೆ ಕೂರಿಸುವ ಮೊದಲೇ ಪಂಕ್ಚರ್ ಅಂಗಡಿಯವರ ರೀತಿಯಲ್ಲಿ ನೋಡಬಹುದು. ಕ್ಯಾಪ್ ಹಾಕಿ, ಒಂದನ್ನು ಬಿಟ್ಟು ಉಳಿದ ಗಾಳಿರಂಧ್ರಗಳಿಗೆ ಟೇಪ್ ಹಚ್ಚಿ, ಬಿಟ್ಟ ಆ ಒಂದು ರಂಧ್ರದಿಂದ ಸೈಕಲ್ ಪಂಪಿನಲ್ಲಿ ಬಹಳ ಮೆಲ್ಲಗೆ ಗಾಳಿ ಕೊಡುತ್ತ ಅಂಚಿಗೆ ಸೋಪಿನ ನೀರು ಸವರಿ. ಗುಳ್ಳೆ ಎದ್ದಲ್ಲಿ ಮತ್ತೆ ಕಾಯಿಸಿ ಒತ್ತಿ. ಮುಗಿದ ಮೇಲೆ ರಂಧ್ರಗಳ ಟೇಪ್ ತೆಗೆಯಲು ಮರೆಯದಿರಿ. ಲೈಟ್ ಕಾದಾಗ ಒಳಗಿನ ಗಾಳಿ ಹಿಗ್ಗಿ, ಆರಿದಾಗ ಕುಗ್ಗುತ್ತದೆ. ರಂಧ್ರ ಮುಚ್ಚಿದ್ದರೆ ಅದು ಅಂಟಿನ ಸಂದಿಯಿಂದಲೇ ತೇವ ಎಳೆದುಕೊಳ್ಳುತ್ತದೆ. ಕರಾವಳಿಯ ತೇವಕ್ಕೆ ಗ್ಲಾಸಿನ ಮೂಲೆಯಲ್ಲಿ ತೆಳು ಮಂಜು ಕಟ್ಟಿ, ಲೈಟ್ ಹಾಕಿದ ಅರ್ಧ ಗಂಟೆಯಲ್ಲಿ ಆರಿಹೋದರೆ ಚಿಂತೆಯಿಲ್ಲ. ಹನಿಯಾಗಿ ಇಳಿದರೆ ಮಾತ್ರ ಸೋರಿಕೆ. ಸಿಲಿಕಾ ಜೆಲ್ ಪೊಟ್ಟಣ ಒಳಗಿಟ್ಟು ಮುಚ್ಚುವುದು ಪರಿಹಾರವಲ್ಲ, ಕೆಲವೇ ದಿನಗಳಲ್ಲಿ ಅದು ತುಂಬಿಹೋಗುತ್ತದೆ.

ಪ್ರೊಜೆಕ್ಟರ್ ಹಾಕುವವರು ಕೊಳ್ಳುವ ಮೊದಲೇ ಒಂದನ್ನು ಕೇಳಬೇಕು: ಇದು ಎಡಬದಿ ಸಂಚಾರದ್ದೋ, ಬಲಬದಿಯದ್ದೋ? ನಾವು ರಸ್ತೆಯ ಎಡಕ್ಕೆ ಓಡಿಸುವವರು. ಡಿಪ್ ಬೆಳಕಿನ ಮೇಲಂಚು ಬಲಗಡೆ ಸಮತಟ್ಟಾಗಿದ್ದು ಎದುರಿನವರ ಕಣ್ಣನ್ನು ಕಾಯಬೇಕು. ಎಡಗಡೆ ಓರೆಯಾಗಿ ಮೇಲೇರಿ ಪಾದಚಾರಿಯನ್ನೂ ಫಲಕವನ್ನೂ ತೋರಿಸಬೇಕು. ಚೀನಾದಲ್ಲಿ, ಅಮೆರಿಕದಲ್ಲಿ ಇದು ತಿರುಗುಮುರುಗು. ಅಲ್ಲಿನ ಪ್ರೊಜೆಕ್ಟರ್ ಇಲ್ಲಿ ಹಾಕಿದರೆ ಏರುವ ಮೂಲೆ ನೇರವಾಗಿ ಎದುರಿನ ಚಾಲಕನ ಮುಖಕ್ಕೆ. ಪ್ರೊಜೆಕ್ಟರನ್ನು ತಿರುಗಿಸಿ ಕೂರಿಸಿದರೆ ಇದು ಸರಿಹೋಗದು, ಒಳಗಿನ ತಗಡಿನ ಪರದೆಯೇ ಬೇರೆ ಬೇಕು. ಗ್ಲಾಸ್ ಮುಚ್ಚುವ ಮೊದಲೇ ಡೂಮನ್ನು ಕಾರಿಗೆ ತಾತ್ಕಾಲಿಕವಾಗಿ ಸಿಕ್ಕಿಸಿ, ಗೋಡೆಯ ಮೇಲೆ ಎರಡೂ ಗೆರೆ ನೆಲಕ್ಕೆ ಸಮಾನಾಂತರವಿದೆಯೇ ನೋಡಬೇಕು. ಮುಚ್ಚಿದ ಮೇಲೆ ಓರೆ ತಿದ್ದಲು ಬರುವುದಿಲ್ಲ. ಎಚ್‌ಐಡಿ (ಫಿಲಮೆಂಟ್ ಇಲ್ಲದೆ ಅನಿಲದಲ್ಲಿ ಬೆಳಗುವ ದೀಪ) ಆದರೆ ಅದಕ್ಕೆ ಕರೆಂಟ್ ಕೊಡುವ ಬಲಾಸ್ಟ್ ಹೊತ್ತಿಸುವ ಕ್ಷಣದಲ್ಲಿ 20,000 ವೋಲ್ಟಿಗೂ ಮೇಲೆ ಹೋಗುತ್ತದೆ, ಸ್ವಿಚ್ ಹಾಕಿಟ್ಟು ಕಪ್ಲರ್ ಮುಟ್ಟಿದರೆ ಪ್ರಾಣಕ್ಕೇ ಅಪಾಯ.

ಕೊನೆಗೆ ಗುರಿ. ಟೈರಿನ ಗಾಳಿ ಸರಿಯಿರಲಿ, ಚಾಲಕನ ಸೀಟಿನಲ್ಲಿ ಒಬ್ಬರು ಕೂತಿರಲಿ, ಡ್ಯಾಶ್‌ಬೋರ್ಡಿನ ಲೆವೆಲಿಂಗ್ ಚಕ್ರ 0ಯಲ್ಲಿರಲಿ. ಡೂಮಿನ ಮೇಲೆ 1.0% ಅಥವಾ 1.2% ಎಂಬಂಥ ಗುರುತು ಅಚ್ಚಾಗಿರುತ್ತದೆ. 1% ಎಂದರೆ 10 ಮೀಟರಿಗೆ 10 ಸೆಂ.ಮೀ. ಇಳಿತ, 5 ಮೀಟರಿನ ಗೋಡೆಯಲ್ಲಿ ಬೆಳಕಿನ ಗೆರೆ ಬಲ್ಬಿನ ಮಧ್ಯಬಿಂದುವಿಗಿಂತ 5 ಸೆಂ.ಮೀ. ಕೆಳಗಿರಬೇಕು. ನೆಲದಿಂದ 70 ಸೆಂ.ಮೀ. ಎತ್ತರದ ಹೆಡ್‌ಲೈಟ್ ಆಗ 70 ಮೀಟರ್ ದೂರದಲ್ಲಿ ರಸ್ತೆ ಮುಟ್ಟುತ್ತದೆ. 5 ಸೆಂ.ಮೀ. ಎಂಬುದು ಸಣ್ಣದೆಂದು ಗೆರೆಯನ್ನು ಬಲ್ಬಿನ ಮಟ್ಟಕ್ಕೇ ಏರಿಸಿದರೆ ಬೆಳಕಿನ ಮೇಲಂಚು ರಸ್ತೆ ಮುಟ್ಟುವುದೇ ಇಲ್ಲ. ಗೋಡೆಯ ಹಳೆಯ ಟೇಪ್ ಇಲ್ಲಿ ಒರೆಗಲ್ಲು. ಹಿಂಬದಿಯ ಎರಡು ತಿರುಪುಗಳಲ್ಲಿ ಒಂದು ಮೇಲೆ-ಕೆಳಗೆ, ಇನ್ನೊಂದು ಎಡ-ಬಲ. ಹಿಂದಿನ ಸೀಟು, ಡಿಕ್ಕಿ ತುಂಬಿದ ದಿನ ಕಾರಿನ ಮೂತಿ ಏಳುತ್ತದೆ. ಆಗ 2 ಅಥವಾ 3ಕ್ಕೆ ತಿರುಗಿಸಲೆಂದೇ ಲೆವೆಲಿಂಗ್ ಚಕ್ರ ಕೊಟ್ಟಿರುವುದು. ಎಷ್ಟೋ ಮಾಲೀಕರಿಗೆ ಆ ಚಕ್ರ ಏತಕ್ಕೆಂದೇ ಗೊತ್ತಿಲ್ಲ.

ಕಾನೂನಿನ ಬಗ್ಗೆ ಎರಡೇ ಮಾತು. ತಯಾರಕರ ಮೂಲ ವಿನ್ಯಾಸವನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಮೋಟಾರು ವಾಹನ ಕಾಯ್ದೆಗೆ ಅದೇ ವರ್ಷ ಸೇರಿದ 182ಎ ಕಲಮಿನ ಪ್ರಕಾರ, ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ. ಉಜ್ಜುವುದು, ಸೋರಿಕೆ ಮುಚ್ಚುವುದು, ಗುರಿ ಹೊಂದಿಸುವುದು ದುರಸ್ತಿ. ಬೆಳಕಿನ ಮೂಲವನ್ನೇ ಬದಲಿಸುವುದು, ಎಷ್ಟೇ ಅಚ್ಚುಕಟ್ಟಾಗಿ ಮಾಡಿದರೂ, ಈ ಕಲಮಿನ ಅಡಿಗೆ ಬರುತ್ತದೆ. ಪ್ರೊಜೆಕ್ಟರ್ ಹಾಕಿಕೊಳ್ಳುವವರು ಇದನ್ನು ತಿಳಿದೇ ಮುಂದುವರಿಯಬೇಕು.

ಕೇಂದ್ರ ಮೋಟಾರು ವಾಹನ ನಿಯಮ 106 ದೀಪದ ಗುರಿಯನ್ನು ಅಳತೆಯಲ್ಲೇ ಹೇಳುತ್ತದೆ: ದೀಪದಿಂದ 8 ಮೀಟರ್ ಮುಂದೆ, ಅರ್ಧ ಮೀಟರ್ ಬಲಕ್ಕೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣಿಗೆ ಬೆಳಕು ಕೋರೈಸಬಾರದು. ಅಳೆಯಬಹುದಾದ ನಿಯಮ ಇದ್ದೂ ಅಳೆಯುವವರಿಲ್ಲ. ಖಾಸಗಿ ಕಾರು 15 ವರ್ಷ ತುಂಬಿ ನೋಂದಣಿ ನವೀಕರಣಕ್ಕೆ ಹೋಗುವವರೆಗೆ ಅದರ ಹೆಡ್‌ಲೈಟ್ ಎತ್ತ ನೋಡುತ್ತಿದೆ ಎಂದು ಯಾರೂ ಪರೀಕ್ಷಿಸುವುದಿಲ್ಲ. ಹೊಗೆ ತಪಾಸಣೆಗೆ ಮಾತ್ರ ಪ್ರತಿ ಕಾರೂ ನಿಯಮಿತವಾಗಿ ಹೋಗಲೇಬೇಕು. ಅದೇ ಕೇಂದ್ರಗಳಲ್ಲಿ ಬೆಳಕಿನ ಗುರಿ ಅಳೆಯುವ ಒಂದು ಬೀಮ್ ಟೆಸ್ಟರ್, ಅದೂ ಆಗದಿದ್ದರೆ ನೆಲಕ್ಕೊಂದು ಮತ್ತು ಗೋಡೆಗೊಂದು ಬಣ್ಣದ ಗೆರೆ ಇಡುವುದನ್ನು ಸಾರಿಗೆ ಇಲಾಖೆ ಕಡ್ಡಾಯ ಮಾಡಲಿ. ಗುರಿ ತಪ್ಪಿದ್ದರೆ ಮೊದಲ ಸಲ ದಂಡದ ಬದಲು ಅಲ್ಲೇ ಸ್ಕ್ರೂಡ್ರೈವರಿನಿಂದ ತಿದ್ದಿ ಕಳಿಸಲಿ. ಕಂಪನಿಯ ಬಲ್ಬೇ ಇದ್ದೂ ಗುರಿ ಮೇಲೇರಿರುವ ಕಾರುಗಳನ್ನು ರಸ್ತೆಬದಿಯ ತಪಾಸಣೆಯಲ್ಲಿ ಕಣ್ಣಂದಾಜಿನಿಂದ ಹಿಡಿಯಲು ಬರುವುದಿಲ್ಲ.

ಇಂತಿ,
ಒಬ್ಬ ಆಟೊ ಎಲೆಕ್ಟ್ರಿಷಿಯನ್, ಶಿವಮೊಗ್ಗ